ಗ್ರಂಥಾಲಯ ಸಿಬ್ಬಂದಿಯ ಕಲಿಕೆಯ ತಾಣ ವೆಬ್‌ಜಂಕ್ಷನ್: ಮುಲುಂಡಿನ ವಾಚನಾಲಯದಲ್ಲಿ ಐದು ವರ್ಷ ಬಳಸಿದ ಮೇಲೆ

2020ರ ಅಕ್ಟೋಬರ್‌ನಲ್ಲಿ ಮಹಾರಾಷ್ಟ್ರದ ವಾಚನಾಲಯಗಳು ಮತ್ತೆ ತೆರೆದವು. ಕೊರೊನಾದಿಂದ ಏಳು ತಿಂಗಳು ಮುಚ್ಚಿದ್ದ, ಮುಂಬಯಿಯ ಮುಲುಂಡಿನಲ್ಲಿರುವ ನಮ್ಮ ವಾಚನಾಲಯದ ಶಟರ್ ಎತ್ತಿದ ದಿನವೇ ಜನ ಮನೆಯಲ್ಲಿ ಉಳಿದುಹೋಗಿದ್ದ ಪುಸ್ತಕಗಳನ್ನು ಚೀಲ ತುಂಬಿ ತಂದರು. ಅವನ್ನು ಮುಟ್ಟೋದು ಹೇಗೆ ಅಂತ ನಮಗೆ ಯಾರಿಗೂ ಗೊತ್ತಿರಲಿಲ್ಲ. ಸ್ಯಾನಿಟೈಸರ್ ಹಾಕಿ ಒರೆಸಿದರೆ ರಟ್ಟು ಉಬ್ಬುತ್ತದೆ. ಒಬ್ಬರು ಬಿಸಿಲಿಗೆ ಇಡೋಣ ಅಂದರು, ಇನ್ನೊಬ್ಬರು ಇಸ್ತ್ರಿ ಪೆಟ್ಟಿಗೆ ತರಲಾ ಅಂದರು. ಬಾಗಿಲ ಹತ್ತಿರದ ಮೇಜಿನ ಮೇಲೆ ಪುಸ್ತಕಗಳ ರಾಶಿ ಏರುತ್ತಲೇ ಇತ್ತು.

ಆ ರಾತ್ರಿ ಮೊಬೈಲಿನಲ್ಲಿ ಹುಡುಕುವಾಗ ರೆಲ್ಮ್ ಎಂಬ ಯೋಜನೆಯ ವರದಿ ಸಿಕ್ಕಿತು. ಅಮೆರಿಕದ ಓಸಿಎಲ್‌ಸಿ ಎಂಬ ಗ್ರಂಥಾಲಯಗಳ ಸಹಕಾರ ಸಂಸ್ಥೆಯೂ ಅಲ್ಲಿನ ಸರ್ಕಾರದ ಗ್ರಂಥಾಲಯ-ಮ್ಯೂಸಿಯಂ ಇಲಾಖೆಯೂ ಸೇರಿ, ಬ್ಯಾಟೆಲ್ ಎಂಬ ಲ್ಯಾಬ್‌ನಲ್ಲಿ ಪುಸ್ತಕದ ರಟ್ಟು, ಒಳಪುಟ, ಪ್ಲಾಸ್ಟಿಕ್ ಹೊದಿಕೆ, ಡಿವಿಡಿ ಡಬ್ಬಿ ಎಲ್ಲದರ ಮೇಲೂ ವೈರಸ್ ಎಷ್ಟು ದಿನ ಉಳಿಯುತ್ತದೆ ಅಂತ ಪರೀಕ್ಷೆ ಮಾಡಿಸಿದ್ದವು. ಬಿಡಿಯಾಗಿ ಇಟ್ಟ ವಸ್ತುಗಳ ಮೇಲೆ 3 ದಿನದ ಹೊತ್ತಿಗೆ ವೈರಸ್ ಪತ್ತೆಯಾಗಲಿಲ್ಲ. ಆದರೆ ಒಂದರ ಮೇಲೊಂದು ಪೇರಿಸಿ ಇಟ್ಟಾಗ 6 ದಿನವಾದರೂ ರಟ್ಟಿನ ಮೇಲೆ ಇತ್ತು. ನಾವು ಮಾಡಿದ್ದು ಅದೇ, ಪೇರಿಸಿಟ್ಟಿದ್ದು! ಮರುದಿನ ಬೆಳಿಗ್ಗೆ ನಮ್ಮ ಕಾಕಾ (ಶಿಪಾಯಿ ಅನ್ನೋದು ಕಾಗದದ ಮೇಲೆ ಮಾತ್ರ, ನಮಗೆಲ್ಲ ಅವರು ಕಾಕಾ) ವಾಚನ ಕೋಣೆಯ ಉದ್ದ ಮೇಜುಗಳನ್ನು ಖಾಲಿ ಮಾಡಿ, ಪುಸ್ತಕಗಳನ್ನು ಹಪ್ಪಳ ಒಣಹಾಕಿದ ಹಾಗೆ ಬಿಡಿಬಿಡಿಯಾಗಿ ಹರಡಿದರು. ಮುಂದೆ ವಸ್ತುಗಳಿಂದ ಸೋಂಕು ಹರಡುವುದು ಕಡಿಮೆ ಅಂತ ಗೊತ್ತಾದ ಮೇಲೆ ಆ ಪದ್ಧತಿ ನಿಲ್ಲಿಸಿದೆವು. ಆದರೆ ಭಯದ ಆ ದಿನಗಳಲ್ಲಿ ಊಹೆಯ ಮೇಲೆ ಕೆಲಸ ಮಾಡದೆ ಪರೀಕ್ಷೆಯ ಫಲಿತಾಂಶದ ಮೇಲೆ ಮಾಡಿದೆವಲ್ಲ, ಅದು ನನಗೆ ದೊಡ್ಡ ಸಮಾಧಾನ.

ಆ ವರದಿಯ ಬೆನ್ನು ಹಿಡಿದು ಹೋಗಿ ಸೇರಿದ್ದು ವೆಬ್‌ಜಂಕ್ಷನ್‌ಗೆ. ಅಂದಿನಿಂದ ಬಿಟ್ಟಿಲ್ಲ. ಮುಂಬಯಿ, ಪುಣೆ, ಗೋವಾದ ವಾಚನಾಲಯಗಳಲ್ಲಿ ನನ್ನ ಹಾಗೆ ದುಡಿಯುವ ಕನ್ನಡದವರು ಸಾಕಷ್ಟು ಜನ ಇದ್ದೀರಿ. ಕನ್ನಡ ಸಂಘಗಳ ಪುಸ್ತಕ ಕಪಾಟು ನೋಡಿಕೊಳ್ಳುವವರು ಇನ್ನೂ ಜಾಸ್ತಿ. ನಿಮಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಮೊದಲು ಇದೇನು ಅಂತ ಹೇಳಿಬಿಡುತ್ತೇನೆ. ವೆಬ್‌ಜಂಕ್ಷನ್ ಸಾರ್ವಜನಿಕ ಗ್ರಂಥಾಲಯದ ಸಿಬ್ಬಂದಿಗಾಗಿಯೇ ಇರುವ ಕಲಿಕೆಯ ತಾಣ. ಗೇಟ್ಸ್ ಪ್ರತಿಷ್ಠಾನದ ನೆರವಿನಿಂದ 2003ರಲ್ಲಿ ಶುರುವಾಯಿತು. ನಡೆಸುವುದು ಒಹಾಯೊ ರಾಜ್ಯದ ಓಸಿಎಲ್‌ಸಿ. ಪುಸ್ತಕಗಳಿಗೆ ವಿಷಯದ ಪ್ರಕಾರ ನಂಬರ್ ಹಾಕಲು ನಾವು ಬಳಸುವ ಡ್ಯೂಯಿ ದಶಮಾಂಶ ವರ್ಗೀಕರಣವನ್ನು ಈಗ ನೋಡಿಕೊಳ್ಳುವವರೂ ಅವರೇ. ವೆಬಿನಾರ್, ನಮ್ಮ ವೇಗದಲ್ಲಿ ಮಾಡಬಹುದಾದ ಕೋರ್ಸು, ಲೇಖನ, ಕ್ರಾಸ್‌ರೋಡ್ಸ್ ಎಂಬ ಇಮೇಲ್ ಸುದ್ದಿಪತ್ರ ಎಲ್ಲ ಇದೆ. ಹಣ ಕೊಡಬೇಕಿಲ್ಲ. ಇಮೇಲ್ ಇದ್ದರೆ ಖಾತೆ ತೆರೆಯಬಹುದು. ಪದವಿ ಇದೆಯಾ, ಯಾವ ದೇಶದವರು ಅಂತ ಯಾರೂ ಅಡ್ಡ ಬರುವುದಿಲ್ಲ.

ಬಿಟ್ಟಿ ಅಂದಮೇಲೆ ಸರಕು ಹೇಗಿರುತ್ತೋ ಅಂತ ಅನುಮಾನ ಬರುತ್ತದೆ ಅಲ್ವಾ? ನನಗೂ ಬಂದಿತ್ತು. ಅದಕ್ಕೆ ಮೊದಲು ನಾನು ಒಂದು ಖಾಸಗಿ ಸಂಸ್ಥೆಗೆ 3,500 ರೂಪಾಯಿ ಕಟ್ಟಿ ‘ಆಧುನಿಕ ಗ್ರಂಥಾಲಯ ನಿರ್ವಹಣೆ’ ಕಲಿಯಲು ಹೋಗಿದ್ದೆ. ನಾಲ್ಕು ಭಾನುವಾರ ಸ್ಲೈಡು ಓದಿ ಹೇಳಿದರು. ಪ್ರಶ್ನೆ ಕೇಳಿದರೆ ಮುಂದೆ ಬರುತ್ತೆ ಅಂದರು, ಕೊನೆಗೂ ಬರಲಿಲ್ಲ. ವೆಬ್‌ಜಂಕ್ಷನ್‌ನಲ್ಲಿ ಪಾಠ ಮಾಡುವವರು ಬಹುಪಾಲು ತಾವೇ ಕೌಂಟರ್‌ನಲ್ಲಿ ಕೂತವರು. ಸಿಟ್ಟಾದ ಓದುಗನನ್ನು ಸಮಾಧಾನ ಮಾಡಿದವರು, ಮಳೆಗೆ ನೆನೆದ ಪುಸ್ತಕ ಒಣಗಿಸಿದವರು. ಅವರ ಮಾತಿನಲ್ಲಿ ಅದು ಗೊತ್ತಾಗುತ್ತದೆ.

ಈಗ ಬಳಸುವ ರೀತಿ. ಅವರ ಮಧ್ಯಾಹ್ನ ನಮಗೆ ನಡುರಾತ್ರಿ. ನೇರ ಪ್ರಸಾರಕ್ಕೆ ಕೂರೋಣ ಅಂತ ಎರಡು ಸಲ ಪ್ರಯತ್ನ ಮಾಡಿ ಬಿಟ್ಟೆ. ಬೆಳಿಗ್ಗೆ ಐದೂವರೆಗೆ ಎದ್ದು ಡಬ್ಬಿ ಕಟ್ಟುವವರಿಗೆ ಅದು ಆಗದ ಮಾತು. ಎಲ್ಲದರ ರೆಕಾರ್ಡಿಂಗ್ ಆಮೇಲೆ ಸಿಗುತ್ತದೆ, ಸ್ಲೈಡುಗಳ ಜೊತೆಗೆ. ನಾನು ಡೊಂಬಿವಲಿಯಿಂದ ಮುಲುಂಡಿಗೆ ಸ್ಲೋ ಲೋಕಲ್‌ನಲ್ಲಿ ಬರುತ್ತೇನೆ. ಲೇಡೀಸ್ ಡಬ್ಬಿಯಲ್ಲಿ ನಿಂತುಕೊಂಡೇ ಇಯರ್‌ಫೋನ್ ಹಾಕಿ ಕೇಳುತ್ತೇನೆ. ಒಂದು ಗಂಟೆಯ ವೆಬಿನಾರ್ ಹೋಗ್ತಾ ಅರ್ಧ, ಬರ್ತಾ ಅರ್ಧ. ಅಮೆರಿಕದ ಉಚ್ಚಾರಣೆ ಮೊದಲ ಎರಡು ತಿಂಗಳು ಕಷ್ಟವಾಯಿತು. ಕೆಳಗೆ ಅಕ್ಷರದಲ್ಲೂ ಮಾತು ಬರುವುದರಿಂದ ನಿಧಾನವಾಗಿ ಕಿವಿ ಪಳಗಿತು.

ಒಬ್ಬಳೇ ಕೇಳಿದ್ದರಿಂದ ಹೆಚ್ಚೇನೂ ಬದಲಾಗಲಿಲ್ಲ, ಅದನ್ನೂ ಹೇಳಬೇಕು. ಬದಲಾವಣೆ ಶುರುವಾದದ್ದು ಬುಧವಾರ ಮಧ್ಯಾಹ್ನ ಬಾಗಿಲು ಹಾಕಿದ ಹೊತ್ತಿನಲ್ಲಿ ನಾವು ಮೂವರು, ಅಂದರೆ ನಾನು, ನಮ್ಮ ಲಿಪಿಕ (ಗುಮಾಸ್ತೆ) ಹುಡುಗಿ, ಕಾಕಾ, ಕೂತು ನೋಡಲು ತೊಡಗಿದ ಮೇಲೆ. ವೆಬಿನಾರ್‌ಗಳ ಜೊತೆಗೆ ಕಲಿಕೆಯ ಕೈಪಿಡಿ ಅಂತ ಒಂದೆರಡು ಪುಟ ಕೊಡುತ್ತಾರೆ. ಅದರಲ್ಲಿ ಪ್ರಶ್ನೆಗಳಿರುತ್ತವೆ: ನಿಮ್ಮಲ್ಲಿ ಇದು ಹೇಗಿದೆ, ಯಾರನ್ನು ಕೇಳಬೇಕು, ಮೊದಲ ಹೆಜ್ಜೆ ಏನು ಅಂತ. ನಾನು ಮರಾಠಿಯಲ್ಲಿ ಹೇಳುತ್ತೇನೆ, ಹುಡುಗಿ ಬರೆಯುತ್ತಾಳೆ, ಕಾಕಾ ಇದು ನಮ್ಮಲ್ಲಿ ನಡೆಯಲ್ಲ ಅಂತಲೋ ಇದು ನಾಳೆಯೇ ಮಾಡೋಣ ಅಂತಲೋ ಹೇಳುತ್ತಾರೆ. ಇಪ್ಪತ್ತೆರಡು ವರ್ಷ ಕಪಾಟಿನ ಮಧ್ಯೆ ಓಡಾಡಿದ ಮನುಷ್ಯ. ಅವರ ಮಾತು ಸುಳ್ಳಾಗಿದ್ದು ಕಡಿಮೆ.

ನನಗೆ ಅತಿ ದೊಡ್ಡ ಪಾಠ ಸಿಕ್ಕಿದ್ದು ಪುಸ್ತಕ ತೆಗೆದುಹಾಕುವ ವಿಷಯದಲ್ಲಿ. ಅವರು ಅದಕ್ಕೆ ವೀಡಿಂಗ್ ಅನ್ನುತ್ತಾರೆ. ಕಳೆ ಕೀಳುವುದು ಅಂದರೆ ನಮ್ಮ ಗದ್ದೆಯ ಮಾತೇ. ಟೆಕ್ಸಾಸ್ ರಾಜ್ಯ ಗ್ರಂಥಾಲಯದವರು ನೋಡಿಕೊಳ್ಳುವ ಕ್ರೂ ಎಂಬ ಪದ್ಧತಿ ಇದೆ, 1976ರಿಂದ ಇರುವಂಥದ್ದು. ಒಂದೊಂದು ವಿಷಯಕ್ಕೂ ಒಂದು ಸೂತ್ರ ಕೊಡುತ್ತದೆ. ಎಷ್ಟು ವರ್ಷ ಹಳೆಯದು, ಎಷ್ಟು ವರ್ಷದಿಂದ ಯಾರೂ ಒಯ್ದಿಲ್ಲ ಅಂತ ಎರಡು ಲೆಕ್ಕ. ವೈದ್ಯಕೀಯದ ಪುಸ್ತಕವಾದರೆ 5 ವರ್ಷ ದಾಟಿತಾ, 3 ವರ್ಷದಿಂದ ಹೊರಗೆ ಹೋಗಿಲ್ಲವಾ ಅಂತ ನೋಡಬೇಕು. ಕಂಪ್ಯೂಟರ್ ಪುಸ್ತಕವಾದರೆ 3 ವರ್ಷಕ್ಕೇ ಹಳತು. ಅದರ ಮೇಲೆ ಮಸ್ಟಿ ಎಂಬ ಆರು ಪ್ರಶ್ನೆ. ತಪ್ಪು ಮಾಹಿತಿ ಕೊಡುತ್ತಾ? ಹರಿದು ಹಾಳಾಗಿದೆಯಾ? ಹೊಸ ಆವೃತ್ತಿ ಬಂದಿದೆಯಾ? ತಿರುಳಿಲ್ಲದ್ದಾ? ನಮ್ಮ ಓದುಗರಿಗೆ ಬೇಡದ್ದಾ? ಬೇರೆ ಕಡೆ ಸುಲಭವಾಗಿ ಸಿಗುತ್ತಾ?

ಇದನ್ನು ಹಿಡಿದುಕೊಂಡು 2022ರ ಬೇಸಿಗೆಯಲ್ಲಿ ಕೆಲಸಕ್ಕೆ ಇಳಿದೆವು. ಹಳೆಯ ಕಂಪ್ಯೂಟರ್‌ಗಳ ಡಾಸ್ ಕಲಿಸುವ ಪುಸ್ತಕಗಳು, ಎಂದೋ ಮುಗಿದ ವರ್ಷದ ಆದಾಯ ತೆರಿಗೆ ಗೈಡುಗಳು, ಈಗ ಯಾವ ಡಾಕ್ಟರೂ ಒಪ್ಪದ ಸಕ್ಕರೆ ಕಾಯಿಲೆಯ ಸಲಹೆಗಳು ಎಲ್ಲ ಹೊರಗೆ ಬಂದವು. ಸಮಿತಿಯ ಒಪ್ಪಿಗೆ ಪಡೆದು, ದಾಖಲೆ ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಹೊಡೆದು ಹಾಕಿ ರದ್ದಿಗೆ ಕೊಟ್ಟೆವು. ಕಪಾಟುಗಳು ಉಸಿರಾಡಿದವು. ಉಳಿದ ಪುಸ್ತಕ ಜನರ ಕಣ್ಣಿಗೆ ಬೀಳತೊಡಗಿತು.

ಅದೇ ಹುರುಪಿನಲ್ಲಿ ಕನ್ನಡದ ಎರಡು ಕಪಾಟಿಗೂ ಕೈ ಹಾಕಿದೆವು. ಅಲ್ಲಿ ತಪ್ಪಿದೆವು.

ನಮ್ಮದು ಮರಾಠಿ ಪುಸ್ತಕಗಳೇ ಹೆಚ್ಚಿರುವ ವಾಚನಾಲಯ. ಕನ್ನಡದಲ್ಲಿ ಏನೇ ಬಂದರೂ ಹಿಂದಿನವರು ಅದಕ್ಕೆ ಡ್ಯೂಯಿಯ 894.814, ಅಂದರೆ ಕನ್ನಡ ಸಾಹಿತ್ಯ ಅಂತ ನಂಬರ್ ಹಾಕಿ ಇಟ್ಟುಬಿಟ್ಟಿದ್ದರು. ಅಡುಗೆ ಪುಸ್ತಕವೂ ಸಾಹಿತ್ಯ, ಪಂಚಾಂಗವೂ ಸಾಹಿತ್ಯ. ಓದಲು ಬಾರದವರಿಗೆ ಭಾಷೆಯೇ ವಿಷಯವಾಗಿ ಕಂಡಿದ್ದರಲ್ಲಿ ಅವರ ತಪ್ಪೇನೂ ಇಲ್ಲ. ಆ ರಾಶಿಯಲ್ಲಿ ಮುಂಬಯಿಯ ಫೋರ್ಟ್ ಕಡೆಯ ಒಂದು ಕನ್ನಡ ರಾತ್ರಿ ಶಾಲೆಯ ಸ್ಮರಣ ಸಂಚಿಕೆ ಇತ್ತು. ಬೆನ್ನು ಕಳಚಿತ್ತು, ಮೂಲೆಗೆ ಗೆದ್ದಲು ಹಿಡಿದಿತ್ತು. ಹನ್ನೊಂದು ವರ್ಷದಿಂದ ಯಾರೂ ಒಯ್ದಿರಲಿಲ್ಲ. ಹಳೆಯದು, ಹರಿದದ್ದು, ಬೇಡದ್ದು ಅಂತ ಪಟ್ಟಿಗೆ ಸೇರಿಸಿದೆವು. ಕಿಲೋಗೆ 12 ರೂಪಾಯಿಯಂತೆ ಅದೂ ಹೋಯಿತು.

ನಾಲ್ಕು ತಿಂಗಳಾದ ಮೇಲೆ ಥಾಣೆಯಿಂದ ಒಬ್ಬರು ಬಂದರು. ಅರವತ್ತರ ಹತ್ತಿರದ ಹೆಂಗಸು. "ಅಕ್ಕಾ, ನಿಮ್ಮಲ್ಲಿ ರಾತ್ರಿ ಶಾಲೆಯ ಪುಸ್ತಕ ಉಂಟಂತೆ. ನಮ್ಮ ಅಪ್ಪನ ಫೋಟೋ ಅದ್ರಲ್ಲಿ ಉಂಟು" ಅಂದರು. ಅವರ ತಂದೆ ಹದಿಮೂರನೇ ವಯಸ್ಸಿಗೆ ಕುಂದಾಪುರದ ಕಡೆಯಿಂದ ಬಂದು ಹೋಟೆಲಿನಲ್ಲಿ ಲೋಟ ತೊಳೆದವರಂತೆ. ಕೆಲಸ ಮುಗಿದ ಮೇಲೆ ರಾತ್ರಿ ಶಾಲೆಗೆ ಹೋಗಿ ಮೆಟ್ರಿಕ್ ಪಾಸು ಮಾಡಿದವರು. ಮನೆಯಲ್ಲಿ ಅವರ ಹರೆಯದ ಒಂದೂ ಫೋಟೋ ಇಲ್ಲವಂತೆ. ನಾನು ಕಪಾಟು ತೆರೆದು ಹುಡುಕುವ ಹಾಗೆ ನಟಿಸಲಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಸಿಟ್ಟು ಮಾಡಲಿಲ್ಲ. "ಹೋಯ್ತಾ?" ಅಂತ ಒಂದೇ ಮಾತು ಕೇಳಿ, ಸ್ವಲ್ಪ ಹೊತ್ತು ಕೂತು, ನೀರು ಕುಡಿದು ಹೋದರು. ಅವರು ಕೂತ ಕುರ್ಚಿಯನ್ನು ನಾನು ಇವತ್ತಿಗೂ ಮರೆತಿಲ್ಲ.

ಆ ರಾತ್ರಿ ಆ ಪಾಠವನ್ನು ಮತ್ತೆ ತೆರೆದು ಓದಿದೆ. ಊರಿನ ಚರಿತ್ರೆಗೆ ಸೇರಿದ ಪುಸ್ತಕಗಳಿಗೆ ಈ ಸೂತ್ರ ಹಾಗೇ ಹಚ್ಚಬೇಡಿ, ಉಳಿಸಿಕೊಳ್ಳಿ ಅಂತ ಕ್ರೂ ಪದ್ಧತಿಯಲ್ಲೇ ಸ್ಪಷ್ಟವಾಗಿ ಇದೆ. ನಾವೂ ಅದನ್ನು ಓದಿಯೇ ಮುಂಬಯಿಯ ಬಗ್ಗೆ ಮರಾಠಿ, ಇಂಗ್ಲಿಷ್‌ನಲ್ಲಿ ಇದ್ದದ್ದನ್ನೆಲ್ಲ ಜೋಪಾನ ಮಾಡಿದ್ದೆವು. ಫೋರ್ಟಿನ ಕನ್ನಡ ರಾತ್ರಿ ಶಾಲೆಯೂ ಮುಂಬಯಿಯ ಚರಿತ್ರೆಯೇ ಅಂತ ಕನ್ನಡದವಳಾದ ನನಗೇ ಹೊಳೆದಿರಲಿಲ್ಲ. ‘ಊರು’ ಅಂದ ಕೂಡಲೇ ನಾನು ದಕ್ಷಿಣ ಕನ್ನಡದ ಕಡೆ ನೋಡುತ್ತೇನೆ. ನಲವತ್ತು ವರ್ಷದಿಂದ ಬದುಕುತ್ತಿರುವ ಈ ಊರನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಅಮೆರಿಕದಲ್ಲಿ ಕೂತವರು ಇದನ್ನು ನನಗೆ ಹೇಳಿಕೊಡಲು ಆಗುವುದಿಲ್ಲ. ಅವರು ಸೂತ್ರ ಕೊಡುತ್ತಾರೆ. ನಮ್ಮೂರು ಯಾವುದು, ನಮ್ಮವರು ಯಾರು ಅನ್ನೋದನ್ನು ನಾವೇ ಬರೆದುಕೊಳ್ಳಬೇಕು. ಮುಂದಿನ ಬುಧವಾರ ಮೂವರೂ ಕೂತು ಬರೆದೆವು. ಕನ್ನಡ ಪುಸ್ತಕಕ್ಕೆ ಆರನೇ ಪ್ರಶ್ನೆಯನ್ನೇ ಮೊದಲು ಕೇಳಬೇಕು: ಇದು ಮುಂಬಯಿಯಲ್ಲಿ ಬೇರೆ ಕಡೆ ಸಿಗುತ್ತಾ? ಹೌದು ಅನ್ನುವ ಉತ್ತರ ಕೈಯಲ್ಲಿ ಇಲ್ಲದಿದ್ದರೆ ತೆಗೆಯುವ ಹಾಗಿಲ್ಲ. ಸಂಘಗಳ ವಾರ್ಷಿಕ ವರದಿ, ಯಕ್ಷಗಾನ ಮಂಡಳಿಯ ಕರಪತ್ರ, ಶಾಲೆಗಳ ಸಂಚಿಕೆ, ಮದುವೆ ಹಾಲ್ ಉದ್ಘಾಟನೆಯ ಪುಸ್ತಕ ಎಲ್ಲವನ್ನೂ 894.814ರಿಂದ ಬಿಡಿಸಿ ಬೇರೆ ಕಪಾಟಿಗೆ ತಂದೆವು. ಮೇಲೆ ‘ಮುಂಬಯಿ ಕನ್ನಡ’ ಅಂತ ಚೀಟಿ ಅಂಟಿಸಿದವರು ಕಾಕಾ. ಕನ್ನಡ ಅಕ್ಷರವನ್ನು ನನ್ನ ಕೈಯಿಂದ ಬರೆಸಿಕೊಂಡು, ಕೆಳಗೆ ದೇವನಾಗರಿಯಲ್ಲಿ ತಾವೇ ಬರೆದರು.

ಮಕ್ಕಳ ಕಥೆ ಹೇಳುವ ಕೋರ್ಸಿನ ಬಗ್ಗೆಯೂ ಹೇಳಬೇಕು. ಸೂಪರ್‌ಚಾರ್ಜ್ಡ್ ಸ್ಟೋರಿಟೈಮ್ಸ್ ಅಂತ ಹೆಸರು, ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧನೆಯ ಆಧಾರದ ಮೇಲೆ ಮಾಡಿದ್ದು. ಸುಮ್ನೆ ಓದಿ ಮುಗಿಸಬೇಡಿ, ಮಧ್ಯೆ ನಿಲ್ಲಿಸಿ ಮಗುವನ್ನು ಮಾತಿಗೆ ಎಳೆಯಿರಿ, ಯಾವ ಶಬ್ದ ಯಾವ ದನಿ ಕಲಿಸಬೇಕು ಅಂತ ಮೊದಲೇ ಯೋಚಿಸಿ ಬನ್ನಿ ಅನ್ನೋದು ಅದರ ಜೀವ. ಭಾನುವಾರ ನಮ್ಮಲ್ಲಿ ಬರುವ ಮಕ್ಕಳ ಮನೆಯಲ್ಲಿ ಕನ್ನಡವೋ ತುಳುವೋ ಇರುತ್ತದೆ, ಶಾಲೆಯಲ್ಲಿ ಇಂಗ್ಲಿಷ್, ಬಿಲ್ಡಿಂಗ್ ಕೆಳಗೆ ಆಟಕ್ಕೆ ಮರಾಠಿ-ಹಿಂದಿ. ಒಂದು ದಿನ ಅಜ್ಜಿಯ ಕಥೆಯಲ್ಲಿ ಅಡಕತ್ತರಿ ಬಂತು. ಮೊದಲಾಗಿದ್ದರೆ ಹಾಗೇ ಓದಿಕೊಂಡು ಹೋಗುತ್ತಿದ್ದೆ. ನಿಲ್ಲಿಸಿ ಕೇಳಿದೆ, ಅಡಕತ್ತರಿ ಅಂದ್ರೆ ಏನು? ಯಾರಿಗೂ ಗೊತ್ತಿಲ್ಲ. ಚೀಲದಿಂದ ತೆಗೆದು ತೋರಿಸಿದೆ, ನಮ್ಮ ಅತ್ತೆಯದು, ಹಿತ್ತಾಳೆಯದು. ಮೂಲೆಯಲ್ಲಿ ಕೂತಿದ್ದ, ಆವರೆಗೆ ಬಾಯಿ ಬಿಡದಿದ್ದ ಹುಡುಗಿ ಎದ್ದು ನಿಂತು "ಅಡಕಿತ್ತಾ!" ಅಂತ ಕೂಗಿದಳು. ಪಕ್ಕದ ಮನೆಯ ಮರಾಠಿ ಆಜಿಯ ಹತ್ತಿರ ನೋಡಿದ್ದಳಂತೆ. ಎರಡು ಶಬ್ದವನ್ನೂ ಎಲ್ಲರೂ ಸೇರಿ ಹತ್ತು ಸಲ ಹೇಳಿದೆವು, ಕಟ್ ಕಟ್ ಅಂತ ಸದ್ದು ಮಾಡುತ್ತಾ. ಆ ಹುಡುಗಿ ಈಗ ಪ್ರತಿ ಭಾನುವಾರ ಮುಂದಿನ ಸಾಲಿನಲ್ಲಿ ಇರುತ್ತಾಳೆ.

ಓದುಗರನ್ನು ಪ್ರಶ್ನೆ ಕೇಳಿ ನಿಜವಾಗಿ ಏನು ಬೇಕು ಅಂತ ತಿಳಿಯುವ ಪಾಠವೂ ಒಳ್ಳೆಯದು. ನಮ್ಮಲ್ಲಿ ಒಬ್ಬರು ಕಾನೂನಿನ ಪುಸ್ತಕ ಇದೆಯಾ ಅಂತ ಬಂದರು. ಮೊದಲಿನ ನಾನು ಕಪಾಟು ತೋರಿಸಿ ಕೂರುತ್ತಿದ್ದೆ. ಯಾವ ವಿಷಯಕ್ಕೆ ಅಂತ ಹೇಳ್ತೀರಾ ಅಂತ ಕೇಳಿದ ಮೇಲೆ ಗೊತ್ತಾಯಿತು, ಅವರ ಹೌಸಿಂಗ್ ಸೊಸೈಟಿಯ ಹಳೆ ಕಟ್ಟಡ ಕೆಡವಿ ಹೊಸದು ಕಟ್ಟುವ ರೀಡೆವಲಪ್‌ಮೆಂಟ್ ಗಲಾಟೆ. ಅವರಿಗೆ ಬೇಕಾದದ್ದು 1960ರ ಮಹಾರಾಷ್ಟ್ರ ಸಹಕಾರಿ ಸಂಘಗಳ ಕಾಯ್ದೆಯ 79ಎ ಕಲಮಿನ ಅಡಿ ಸರ್ಕಾರ ಹೊರಡಿಸಿದ ನಿರ್ದೇಶನ. ಹುಡುಕಿ ಪ್ರಿಂಟ್ ತೆಗೆದು ಕೊಟ್ಟೆ. ಎರಡು ನಿಮಿಷ ಜಾಸ್ತಿ ಮಾತಾಡಿದ್ದು, ಅಷ್ಟೇ.

ಇಲ್ಲಿ ಸಿಗದದ್ದು ಏನು ಅಂತಲೂ ಹೇಳುತ್ತೇನೆ. ಅಮೆರಿಕದವರಿಗಾಗಿ ಮಾಡಿದ್ದಾದ್ದರಿಂದ ಹಣಕಾಸು, ಕಾನೂನು, ಆಡಳಿತದ ಪಾಠಗಳು ನಮಗೆ ಹೊಂದುವುದಿಲ್ಲ. ನಮ್ಮದು 1967ರ ಮಹಾರಾಷ್ಟ್ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆ, ಅ-ಬ-ಕ-ಡ ದರ್ಜೆ, ಅದರ ಮೇಲೆ ಅನುದಾನ. ಅದನ್ನು ಇಲ್ಲೇ ಕಲಿಯಬೇಕು. ಗೋವಾದವರಿಗೆ 1993ರ ಅವರದೇ ಕಾಯ್ದೆ ಇದೆ. ಕೋರ್ಸು ಮುಗಿಸಿದರೆ ಪ್ರಮಾಣಪತ್ರ ಬರುತ್ತದೆ, ಆದರೆ ಅದನ್ನು ತೋರಿಸಿ ಇಲ್ಲಿ ಬಡ್ತಿ ಸಿಗುತ್ತದೆ ಅಂತ ಕಾಯಬೇಡಿ. ನಾನು ನನ್ನವನ್ನೆಲ್ಲ ಪ್ಲಾಸ್ಟಿಕ್ ಫೈಲಿನಲ್ಲಿ ಇಟ್ಟಿದ್ದೇನೆ, ನನ್ನ ಸಂತೋಷಕ್ಕೆ.

ಕನ್ನಡ ಪುಸ್ತಕದ ಕ್ಯಾಟಲಾಗ್ ಕೆಲಸಕ್ಕೂ ಬೇರೆ ದಾರಿ ಹಿಡಿಯಬೇಕು. ನಾವು ಕೋಹಾ ಹಾಕಿಕೊಂಡೆವು. ನ್ಯೂಜಿಲೆಂಡಿನ ಒಂದು ಸಣ್ಣ ಊರಿನ ಗ್ರಂಥಾಲಯಕ್ಕಾಗಿ ಹುಟ್ಟಿದ ಉಚಿತ ತಂತ್ರಾಂಶ ಅದು, ಮಾವೊರಿ ಭಾಷೆಯಲ್ಲಿ ಕೋಹಾ ಅಂದರೆ ಉಡುಗೊರೆ. ಯೂನಿಕೋಡ್ ಕನ್ನಡ ಚೆನ್ನಾಗಿ ಹಿಡಿಸುತ್ತದೆ. ಲಿಪಿಕ ಹುಡುಗಿಗೆ ಕನ್ನಡ ಬಾರದ್ದರಿಂದ ಹೆಸರನ್ನು ಕನ್ನಡದಲ್ಲೂ ಇಂಗ್ಲಿಷ್ ಅಕ್ಷರದಲ್ಲೂ ಹಾಕುತ್ತೇವೆ. ಇಲ್ಲದಿದ್ದರೆ ನಾನು ರಜೆ ಹಾಕಿದ ದಿನ ಕನ್ನಡ ಓದುಗರು ಬರಿಗೈಯಲ್ಲಿ ಹೋಗಬೇಕಾಗುತ್ತದೆ.

ಸುದ್ದಿಯ ವಿಷಯಕ್ಕೆ ಬಂದರೆ, ಕ್ರಾಸ್‌ರೋಡ್ಸ್ ಪತ್ರ ನನಗೆ ಬಂದ ಕೂಡಲೇ ಓದುವ ಅಭ್ಯಾಸ. ಯಾವುದೋ ಸಣ್ಣ ಊರಿನ ಗ್ರಂಥಾಲಯ ಬೀಜ ಎರವಲು ಕೊಡುತ್ತದೆ, ಇನ್ನೊಂದು ಹೊಲಿಗೆ ಯಂತ್ರ ಇಟ್ಟಿದೆ ಅಂತ ಓದಿದಾಗ ಮನಸ್ಸು ಅರಳುತ್ತದೆ. ಜೊತೆಗೆ ಇಫ್ಲಾ-ಯುನೆಸ್ಕೋ ಸಾರ್ವಜನಿಕ ಗ್ರಂಥಾಲಯ ಪ್ರಣಾಳಿಕೆ ಓದಿ (ಇಫ್ಲಾ ಅಂದರೆ ಗ್ರಂಥಾಲಯ ಸಂಘಗಳ ಅಂತರರಾಷ್ಟ್ರೀಯ ಒಕ್ಕೂಟ). 1994ರದ್ದನ್ನು 2022ರಲ್ಲಿ ತಿದ್ದಿದ್ದಾರೆ, ಕೆಲವೇ ಪುಟ, ಸಮಿತಿಯವರ ಮುಂದೆ ಇಟ್ಟು ಮಾತಾಡಲು ಬಲ ಕೊಡುತ್ತದೆ. ನಮ್ಮ ದೇಶದ ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ 1931ರಲ್ಲೇ ಹೇಳಿದ ಐದು ಸೂತ್ರಗಳು ಇವೆಲ್ಲದರ ಒಳಗೆ ಕೂತಿವೆ. ಪ್ರತಿ ಓದುಗನಿಗೆ ಅವನ ಪುಸ್ತಕ ಅನ್ನುವ ಎರಡನೇ ಸೂತ್ರವನ್ನು ಓದುವಾಗ ನನಗೆ ಥಾಣೆಯ ಆ ಹೆಂಗಸೇ ನೆನಪಾಗುತ್ತಾರೆ.

ಹೊಸದಾಗಿ ಸೇರುವವರಿಗೆ: ಖಾತೆ ತೆರೆದ ದಿನವೇ ಹತ್ತು ಕೋರ್ಸಿಗೆ ಹೆಸರು ಹಾಕಬೇಡಿ. ಈ ವಾರ ನಿಮ್ಮ ಕೌಂಟರ್‌ನಲ್ಲಿ ನಿಮ್ಮನ್ನು ಕಾಡಿದ್ದು ಯಾವುದೋ ಅದೊಂದನ್ನೇ ಹುಡುಕಿ. ಕೈಪಿಡಿಯನ್ನು ಪ್ರಿಂಟ್ ತೆಗೆಯಿರಿ. ಇಂಗ್ಲಿಷ್ ಬಾರದವರಿಗೆ ನೀವೇ ಹೇಳಿ, ಅವರು ಕೊಡುವ ಉತ್ತರ ಆ ವಿಡಿಯೋದಲ್ಲಿ ಇರುವುದಿಲ್ಲ.

ಇನ್ನೊಂದು ವಿನಂತಿ. ಮುಂಬಯಿಯ ಕನ್ನಡ ರಾತ್ರಿ ಶಾಲೆಗಳ ಹಳೆಯ ಸಂಚಿಕೆ ನಿಮ್ಮ ಮನೆಯ ಅಟ್ಟದಲ್ಲೋ ಸಂಘದ ಕಪಾಟಿನಲ್ಲೋ ಇದ್ದರೆ, ರದ್ದಿಗೆ ಹಾಕುವ ಮುಂಚೆ ಒಮ್ಮೆ ತೆರೆದು ನೋಡಿ. ಸಾಲಾಗಿ ನಿಂತ ಹುಡುಗರ ಫೋಟೋ ಇದ್ದರೆ ಸ್ಕ್ಯಾನ್ ಮಾಡಿ ಇಡಿ. ಆ ಹೆಂಗಸಿನ ಫೋನ್ ನಂಬರ್ ಬರೆದ ಚೀಟಿ ನನ್ನ ಮೇಜಿನ ಗಾಜಿನ ಕೆಳಗೆ ಇನ್ನೂ ಇದೆ.